ಹಲಗೆಯ ಜಾಡು ಹಿಡಿದವಳು

ಆಸ್ದೀಸ್ ಗಣಿತ ಕಲಿಯಲು ಸೇರಿದ್ದಾಳೆ ಎಂಬ ಸುದ್ದಿ ಬಂದರಿನ ಕಾಫಿ ಅಂಗಡಿ ಮುಟ್ಟಿದಾಗ ಅಲ್ಲಿ ನಗದವರು ಯಾರೂ ಇರಲಿಲ್ಲ. ಐವತ್ತಾರರ ಹೆಂಗಸು. ಹದಿನೇಳನೇ ವಯಸ್ಸಿನಿಂದ ಪ್ರತಿ ಚಳಿಗಾಲವನ್ನೂ ವಿನಿಪೆಗ್ ಸರೋವರದ ಮಂಜುಗಡ್ಡೆಯ ಮೇಲೆ ಬಲೆ ಹಾಕುತ್ತ ಕಳೆದವಳು. ಗಂಡನನ್ನು ಮಣ್ಣು ಮಾಡಿ, ಮಗಳನ್ನು ದಡ ಮುಟ್ಟಿಸಿ, ಭುಜದ ಕೀಲು ಸವೆದ ಮೇಲೆ ಮೀನಿನ ಲೈಸೆನ್ಸನ್ನು ಆ ಮಗಳ ಹೆಸರಿಗೇ ಮಾಡಿಕೊಟ್ಟವಳು. ಇಂಥವಳು ನಾಲ್ಕು ಜನರಂತೆ ಉಣ್ಣೆಯ ಕೈಗವಸು ಹೆಣೆದುಕೊಂಡು ಇರಬಾರದೇ? ಹೋಗಿ ಹೋಗಿ ಹನ್ನೆರಡನೇ ತರಗತಿಯ ಗಣಿತಕ್ಕೆ!

"ಏನೇ ಆಸ್ದೀಸ್, ಮೀನು ಎಣಿಸೋಕೆ ಇಷ್ಟು ವರ್ಷ ಬೆರಳೇ ಸಾಕಾಗಿತ್ತಲ್ಲ?" ಎಂದು ದೋಣಿ ರಿಪೇರಿಯವನೊಬ್ಬ ಕೆಣಕಿದ.

"ನಿನ್ನ ಸುಳ್ಳು ಎಣಿಸೋಕೆ ಸಾಕಾಗ್ಲಿಲ್ಲ ಕಣೋ, ಅದಕ್ಕೇ ಹೊರಟೆ," ಎಂದಳು ಆಸ್ದೀಸ್.

ಮಾತಿಗೆ ಮಾತು ಕೊಟ್ಟಳೇ ಹೊರತು ನಿಜ ಹೇಳಲಿಲ್ಲ. ಹೇಳುವಂಥದ್ದೂ ಅಲ್ಲ. ಹದಿನೇಳರ ವಯಸ್ಸಿನಲ್ಲಿ ಅವಳು ಇದೇ ಗಣಿತದಲ್ಲಿ ಫೇಲಾಗಿದ್ದಳು. ಆ ಸಂಜೆ ತಾಯಿ, "ಇನ್ನೊಂದು ಸಲ ಬರೀಲಿ ಬಿಡಿ, ಇನ್ನೂ ಮಗು," ಎಂದಿದ್ದಳು. ತಂದೆ ಓಲಿ ತಲೆ ಎತ್ತದೆ ಒಣಮೀನಿಗೆ ಬೆಣ್ಣೆ ಹಚ್ಚುತ್ತ, "ಶಾಲೆ ಸಾಕು. ನಾಳೆಯಿಂದ ಮಂಜಿನ ಮೇಲೆ ಬಾ," ಎಂದಿದ್ದ. ಅಷ್ಟೇ. ತನ್ನ ಮಗಳ ತಲೆಯಲ್ಲಿ ಮಣ್ಣು ತುಂಬಿದೆ ಎಂದು ಅಪ್ಪ ತೀರ್ಮಾನಿಸಿಬಿಟ್ಟ ಎಂದು ಅವಳು ಅಂದೇ ತಿಳಿದಳು. ಆ ತೀರ್ಪು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈಗ ಓಲಿಗೆ ಎಂಬತ್ತನಾಲ್ಕು. ಅವನು ಹೋಗುವ ಮೊದಲು ಅದು ನಿಜವೋ ಸುಳ್ಳೋ ತಿಳಿಯಬೇಕು ಎಂಬುದೊಂದೇ ಅವಳ ಆಸೆ.

ಓಲಿಯ ವಿಷಯ ಇಲ್ಲಿ ಎರಡು ಮಾತು ಹೇಳಲೇಬೇಕು. ಐಸ್‌ಲ್ಯಾಂಡಿನಿಂದ ವಲಸೆ ಬಂದವರ ಪೈಕಿಯ ನಮ್ಮ ಮುದುಕರು ಮಾತಿನಲ್ಲಿ ಜಿಪುಣರು, ಅವರಲ್ಲೂ ಇವನು ಕಡುಜಿಪುಣ. ಅವನೊಳಗೆ ಏನೇ ಹೋಗಲಿ, ಸಂತೋಷವಾಗಲಿ ಭಯವಾಗಲಿ, ಹೊರಗೆ ಬರುವಾಗ ಒಂದು ಹುಕುಂ ಆಗಿಯೋ ಒಂದು ಕೊಂಕಾಗಿಯೋ ಬರುತ್ತಿತ್ತು. ಮೊಮ್ಮಗಳು ಹುಟ್ಟಿದ ದಿನ ಇಡೀ ಬಂದರಿಗೆ ಸಿಹಿ ಹಂಚಿದವನು ಆಸ್ಪತ್ರೆಯಲ್ಲಿ ಮಗಳ ಮುಂದೆ ಆಡಿದ್ದು, "ಇನ್ನೊಂದು ಬಾಯಿ ಬಂತು," ಎಂಬ ಒಂದೇ ಮಾತು. ಹೆಂಡತಿಯ ಶವದ ಪಕ್ಕ ಬೆಳಗಿನವರೆಗೆ ಕೂತಿದ್ದವನು ಎದ್ದು ಆಡಿದ್ದು, "ಯಾರಾದ್ರೂ ಒಲೆಗೆ ಸೌದೆ ಹಾಕಿ," ಎಂದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಊರಿನ ವಯಸ್ಕರ ಕಲಿಕಾ ಕೇಂದ್ರ ಇದ್ದದ್ದು ಹಳೆಯ ಅಂಚೆ ಕಚೇರಿಯ ಹಿಂದಿನ ಎರಡು ಕೋಣೆಗಳಲ್ಲಿ. ಮೇಷ್ಟ್ರು ರೊಡೆಲ್, ಫಿಲಿಪೀನ್ಸ್‌ನಿಂದ ಬಂದು ಇಲ್ಲಿ ನಾಲ್ಕನೇ ಚಳಿಗಾಲ ಕಾಣುತ್ತಿದ್ದವರು, ಒಳಗೂ ಟೊಪ್ಪಿ ತೆಗೆಯದ ಮನುಷ್ಯ. ಪಾಠದಲ್ಲಿ ಮಾತ್ರ ಅವರ ಕೈಗೆ ಚಳಿಯೇ ಇರಲಿಲ್ಲ. ಬೀಜಗಣಿತವನ್ನು ಆಸ್ದೀಸ್ ಹಲ್ಲು ಕಚ್ಚಿ ದಾಟಿದಳು. ನವೆಂಬರ್‌ನಲ್ಲಿ ಫಲನಗಳು ಬಂದವು. ಒಂದು ಸಂಖ್ಯೆಯನ್ನು ಒಳಗೆ ಹಾಕಿದರೆ ಒಂದು ನಿಯಮಕ್ಕೆ ಒಳಪಡಿಸಿ ಇನ್ನೊಂದು ಸಂಖ್ಯೆಯನ್ನು ಹೊರಗೆ ಕೊಡುವುದೇ ಫಲನ. ಅದೂ ಸರಿಯೇ. ಆಮೇಲೆ ಒಂದು ದಿನ ರೊಡೆಲ್ ಒಂದರೊಳಗೆ ಒಂದು ಫಲನ ಕೂರಿಸಿ ಬರೆದರು. ಹದಿನೇಳರ ವಯಸ್ಸಿನಲ್ಲಿ ಆಸ್ದೀಸ್‌ಳನ್ನು ಬೀಳಿಸಿದ್ದು ಇದೇ ಲೆಕ್ಕ.

"ನೋಡಿ," ಎಂದರು ರೊಡೆಲ್. "ಹೊರಗಿನ ಫಲನ ಏನು ಮಾಡುತ್ತೆ ಅಂತ ಗೊತ್ತು. ಯಾವುದನ್ನ ಕೊಟ್ರೂ ಮೂರರಿಂದ ಗುಣಿಸಿ ಎರಡು ಕೂಡಿಸುತ್ತೆ. ಕೊನೆಗೆ ಹೊರಗೆ ಬಂದದ್ದೂ ಗೊತ್ತು, ಹನ್ನೆರಡು ಎಕ್ಸ್ ಕೂಡು ಹದಿನೇಳು. ಒಳಗಿನ ಫಲನ ಯಾವುದು ಅನ್ನೋದು ಗೊತ್ತಿಲ್ಲ. ಅದನ್ನ ಹುಡುಕಿ."

ಆಸ್ದೀಸ್ ಬರೆದುಕೊಟ್ಟಳು. ಹನ್ನೆರಡು ಎಕ್ಸ್ ಕೂಡು ಹದಿನೇಳು.

"ಇದು ಹೊರಗೆ ಬಂದದ್ದಲ್ವಾ ಆಸ್ದೀಸ್ ಅವ್ರೇ? ನಾನು ಕೇಳಿದ್ದು ಒಳಗಿರೋದನ್ನ."

"ಒಳಗಿರೋದನ್ನ ನಾನೆಲ್ಲಿಂದ ನೋಡ್ಲಿ ಮೇಷ್ಟ್ರೇ? ಕಾಣೋದು ಇದೊಂದೇ."

"ನೋಡೋಕೆ ಆಗಲ್ಲ, ನಿಜ. ಹೊರಗಿನದು ಮಾಡಿದ್ದನ್ನ ಒಂದೊಂದಾಗಿ ಕಳೀರಿ. ಕೊನೆಗೆ ಮಾಡಿದ್ದನ್ನ ಮೊದಲು ಕಳೀರಿ. ಉಳಿದದ್ದೇ ಒಳಗಿನದು."

ಈ ಮಾತನ್ನು ಅವಳು ಹಿಂದೆ ಕೇಳಿದ್ದಳು. ಕೇಳಿದ್ದು ಶಾಲೆಯಲ್ಲಿ ಅಲ್ಲ.

ನಮ್ಮ ಸರೋವರದಲ್ಲಿ ಚಳಿಗಾಲದ ಬಲೆ ಹಾಕುವುದು ಹಲಗೆಯಿಂದ. ಜಿಗ್ಗರ್ ಎನ್ನುತ್ತಾರೆ. ಮಂಜುಗಡ್ಡೆಯಲ್ಲಿ ಒಂದು ತೂತು ಕೊರೆದು ಹಲಗೆಯನ್ನು ಹಗ್ಗ ಕಟ್ಟಿ ಅದರಡಿಗೆ ತಳ್ಳಬೇಕು. ಹಲಗೆ ತೇಲಿ ಮಂಜಿನ ಹೊಟ್ಟೆಗೆ ಅಂಟಿಕೊಳ್ಳುತ್ತದೆ. ತೂತಿನ ಬಳಿ ಒಬ್ಬ ಹಗ್ಗ ಜಗ್ಗಿ ಬಿಟ್ಟಂತೆ ಹಲಗೆಯ ಕಬ್ಬಿಣದ ಕಾಲು ಮಂಜನ್ನು ಒದ್ದು ಮುಂದೆ ತೆವಳುತ್ತದೆ, ಟಕ್, ಟಕ್ ಎಂದು. ಮೇಲೆ ಇನ್ನೊಬ್ಬರು ಆ ಸದ್ದಿನ ಜಾಡು ಹಿಡಿದು ನಡೆಯಬೇಕು. ಹಲಗೆ ನಿಂತಲ್ಲಿಗೆ ಸರಿಯಾಗಿ ಇನ್ನೊಂದು ತೂತು ಕೊರೆದು ಹಗ್ಗ ಹೊರತೆಗೆದರೆ, ಆ ಹಗ್ಗಕ್ಕೆ ಬಲೆ ಕಟ್ಟಿ ಮಂಜಿನಡಿ ಎಳೆಯಬಹುದು. ತೂತು ತಪ್ಪಿದರೆ ಅರ್ಧ ದಿನ ಹಾಳು.

ಆಗ ಇಡೀ ಸರೋವರದಲ್ಲಿ ಓಲಿಯ ಕಿವಿ ಎಂದರೆ ಕಿವಿ. ಆಸ್ದೀಸ್‌ಗೆ ಹತ್ತು ವರ್ಷವಿದ್ದಾಗ ಒಂದು ಭಾನುವಾರ ಅವಳ ಕೈಗೆ ಉದ್ದನೆಯ ಉಳಿ ಕೊಟ್ಟು, "ಎಲ್ಲಿದೆ ಹೇಳು," ಎಂದಿದ್ದ. ಅವಳು ಸದ್ದು ಗಟ್ಟಿಯಾಗಿ ಕೇಳಿದಲ್ಲಿ ಉಳಿ ಹಾಕಿದಳು. ಕೆಳಗೆ ಕಪ್ಪು ನೀರು ಬಿಟ್ಟರೆ ಏನೂ ಇರಲಿಲ್ಲ. ಮೀನುಗಾರರ ಮಕ್ಕಳೆಲ್ಲ ಮೊದಲು ಮಾಡುವ ತಪ್ಪು ಅದು. ಓಲಿ ಬಗ್ಗಿ ಕೈಯಿಂದ ಹಿಮ ಸವರಿ ತೋರಿಸಿದ. "ಇಲ್ಲಿ ಬರೀ ಮಂಜು, ಸದ್ದು ಓಡಿ ಬರುತ್ತೆ. ಅಲ್ಲಿ ಹಿಮದ ಕೆಳಗೆ ಹಿಮ ನೀರು ಬೆರೆತ ಕೆಸರುನೀರು, ಸದ್ದನ್ನ ನುಂಗುತ್ತೆ. ನಿನಗೆ ಕೇಳಿದ್ದು ಹಲಗೆ ಅಲ್ಲ, ಮಂಜು ನಿನಗೆ ಹೇಳಿದ್ದು. ಮೊದಲು ಮಂಜಿನ ಗುಣ ಕಳಿ. ಉಳಿದದ್ದು ಹಲಗೆ." ಹೇಳಿ ನಾಲ್ಕು ಮಾರು ಆಚೆಗೆ, ಸದ್ದೇ ಇಲ್ಲದಂತಿದ್ದ ಜಾಗದಲ್ಲಿ ಉಳಿ ಹಾಕಿದ. ತೂತಿನಲ್ಲಿ ಕೆಂಪು ಬಳಿದ ಹಲಗೆ ಮೇಲೆದ್ದು ಬಂತು. ಕಾಣದ್ದನ್ನು ಅಪ್ಪ ಹೆಸರು ಹಿಡಿದು ಕರೆದ, ಅದು ಬಂತು ಎಂದು ಆ ಮಗುವಿಗೆ ಮೈಯೆಲ್ಲ ಜುಮ್ಮೆಂದಿತ್ತು.

ಈಗ ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಅದೇ ಜುಮ್ಮು ಮತ್ತೆ ಬಂತು. ಹೊರಗಿನದು ಕೊನೆಗೆ ಎರಡು ಕೂಡಿಸಿತ್ತು. ಅವಳು ಎರಡು ಕಳೆದಳು. ಅದಕ್ಕೂ ಮೊದಲು ಮೂರರಿಂದ ಗುಣಿಸಿತ್ತು. ಮೂರರಿಂದ ಭಾಗಿಸಿದಳು. ನಾಲ್ಕು ಎಕ್ಸ್ ಕೂಡು ಐದು ಎಂಬುದು ಹಾಳೆಯ ಮೇಲೆ ಕೆಂಪು ಹಲಗೆಯಂತೆ ತೇಲಿ ನಿಂತಿತು. ಅದನ್ನು ಮತ್ತೆ ಹೊರಗಿನದರೊಳಗೆ ಹಾಕಿ ನೋಡಿದಳು. ಹನ್ನೆರಡು ಎಕ್ಸ್ ಕೂಡು ಹದಿನೇಳು ಸರಿಯಾಗಿ ಹೊರಗೆ ಬಂತು.

"ಮೇಷ್ಟ್ರೇ, ಇದು ಹಲಗೆ ಹುಡುಕೋ ಲೆಕ್ಕ!" ಎಂದು ಅವಳು ಕೂಗಿದ್ದಕ್ಕೆ ಪಕ್ಕದ ಕೋಣೆಯ ಬಾಗಿಲು ತೆರೆಯಿತು.

ರೊಡೆಲ್ ಹಲಗೆಯ ಕಥೆಯನ್ನೆಲ್ಲ ಕೇಳಿದರು. ಹಿಗ್ಗಿದರು. ಆಮೇಲೆ ಒಂದು ನಗೆ ನಕ್ಕು, "ಹಾಗಾದ್ರೆ ನಿಮ್ಮ ಹಲಗೆಗೆ ಇದನ್ನ ಕೇಳಿ," ಎಂದು ಇನ್ನೊಂದು ಲೆಕ್ಕ ಬರೆದರು. ಈ ಸಲ ಹೊರಗಿನ ಫಲನ ಕೊಟ್ಟದ್ದನ್ನು ಅದರಿಂದಲೇ ಗುಣಿಸುತ್ತಿತ್ತು, ಅಂದರೆ ವರ್ಗ ಮಾಡುತ್ತಿತ್ತು. ಹೊರಗೆ ಬಂದದ್ದು ಎಕ್ಸ್ ಕೂಡು ಮೂರರ ವರ್ಗ. ಆಸ್ದೀಸ್ ವರ್ಗಮೂಲ ತೆಗೆದು ಎಕ್ಸ್ ಕೂಡು ಮೂರು ಎಂದಳು.

"ಸರಿ. ಆದ್ರೆ ಅದರ ಋಣ, ಅಂದ್ರೆ ಮುಂದೆ ಮೈನಸ್ ಹಾಕಿದ್ದು? ಅದನ್ನ ವರ್ಗ ಮಾಡಿದ್ರೂ ಇದೇ ಬರುತ್ತಲ್ಲ."

ಮಾಡಿ ನೋಡಿದಳು. ಬಂತು. ಒಂದು ಇನ್ನೊಂದರ ತೀರ ಉಲ್ಟಾ, ಹೊರಗೆ ಬಂದಾಗ ಮಾತ್ರ ಕೂದಲೆಳೆಯ ವ್ಯತ್ಯಾಸವಿಲ್ಲ.

"ಹಾಗಾದ್ರೆ ಒಳಗೆ ಇದ್ದದ್ದು ಯಾವುದು?"

"ಹೊರಗಿಂದ ಹೇಳೋಕಾಗಲ್ಲ. ಕೆಲವು ಫಲನ ಹೀಗೇ, ಒಳಗಿನ ಗುರುತನ್ನ ಅಳಿಸಿಬಿಡ್ತವೆ. ಇನ್ನೊಂದು ಸುಳಿವು ಬೇಕು. ಒಳಗಿನದು ಒಂದೇ ಒಂದು ಸಲ ಏನು ಮಾಡ್ತು ಅಂತ ಗೊತ್ತಾದ್ರೂ ಸಾಕು."

ಆಸ್ದೀಸ್‌ಗೆ ಅದು ಅನ್ಯಾಯವೆನಿಸಿತು. ಅಷ್ಟೇ ಸೋಜಿಗವೂ ಎನಿಸಿತು. ಒಂದೇ ಮುಖದ ಹಿಂದೆ ಎರಡು ಒಳಗುಗಳು ಇರಬಹುದು, ಎರಡೂ ಸುಳ್ಳಲ್ಲ, ಎರಡೂ ಅಷ್ಟೇ ಸರಿಯಾಗಿ ಹೊಂದುತ್ತವೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ, ಬಿಳಿಯ ಸರೋವರವನ್ನು ಬಲಕ್ಕೆ ಇಟ್ಟುಕೊಂಡು, ಅದನ್ನೇ ಯೋಚಿಸಿದಳು. ಆ ಬಿಳುಪಿನ ಕೆಳಗೆ ಇಷ್ಟು ವರ್ಷ ಏನೇನು ನಡೆದಿತ್ತು, ತಾನು ಕೇಳಿಸಿಕೊಂಡದ್ದು ಎಷ್ಟು ಎಂದು ಅವಳಿಗೆ ಮೊದಲ ಬಾರಿಗೆ ದಿಗಿಲಾಯಿತು.

ಪರೀಕ್ಷೆ ಜನವರಿಯ ಒಂದು ಬೆಳಿಗ್ಗೆ. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ. ಅಪ್ಪನಿಗೆ ಬಂದರಿಗೆ ಹೋಗಿಬರುತ್ತೇನೆ ಎಂದು ಹೇಳಿ ಹೊರಟಿದ್ದಳು. ಕೊನೆಯ ಪ್ರಶ್ನೆ ಬಂದಾಗ ಅವಳಿಗೆ ನಗು ಬಂತು. ಮತ್ತೆ ಅದೇ ವರ್ಗದ ಲೆಕ್ಕ. ಹೊರಬಂದದ್ದು ಎಕ್ಸ್ ಕೂಡು ಮೂರರ ವರ್ಗ. ಜೊತೆಗೆ ಒಂದು ಸುಳಿವು ಕೊಟ್ಟಿದ್ದರು: ಎಕ್ಸ್ ಒಂದಾದಾಗ ಒಳಗಿನ ಫಲನ ಋಣ ನಾಲ್ಕು ಕೊಡುತ್ತದೆ. ಎಕ್ಸ್ ಕೂಡು ಮೂರರಲ್ಲಿ ಎಕ್ಸ್ ಇದ್ದಲ್ಲಿ ಒಂದು ಹಾಕಿದಳು. ನಾಲ್ಕು ಬಂತು, ಋಣ ಬರಲಿಲ್ಲ. ಹಾಗಾದರೆ ಅದಲ್ಲ. ಎಲ್ಲರೂ ಮೊದಲು ಹಿಡಿಯುವ ಉತ್ತರ ಅಲ್ಲ, ಅದರ ಉಲ್ಟಾ. ಬರೆದಳು.

ಬರೆದು ಪೆನ್ಸಿಲ್ ಕೆಳಗಿಟ್ಟಳು. ಹೊತ್ತು ಇನ್ನೂ ಉಳಿದಿತ್ತು. ಕಿಟಕಿಯಾಚೆ, ದೂರದ ಮಂಜಿನ ಮೇಲೆ, ಯಾರೋ ಮೀನುಗಾರರು ಬಲೆ ಎತ್ತುತ್ತಿದ್ದರು. ಎಲ್ಲರೂ ಬಡಗಣ ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದರು. ನಮ್ಮಲ್ಲಿ ಅದು ಕೈಗೂಸಿಗೂ ಗೊತ್ತು, ಬಡಗಣ ಗಾಳಿಗೆ ಮುಖ ಕೊಟ್ಟು ಯಾರೂ ಕೆಲಸ ಮಾಡುವುದಿಲ್ಲ. ಒಬ್ಬ ಓಲಿಯನ್ನು ಬಿಟ್ಟು.

ಆಸ್ದೀಸ್‌ಗೆ ಒಂದು ಹಳೆಯ ದಿನ ನೆನಪಾಯಿತು.

ಅವಳು ಶಾಲೆ ಬಿಟ್ಟು ಮಂಜಿಗೆ ಇಳಿದ ಮೊದಲ ಚಳಿಗಾಲ. ಹಿಮದಡಿಯ ಕೆಸರುನೀರಿಗೆ ಕಾಲಿಟ್ಟು ತೊಡೆಯವರೆಗೆ ಹೂತುಹೋಗಿದ್ದಳು. ಓಲಿ ಕೂಗಳತೆಯಲ್ಲೇ, ಗಾಳಿಗೆ ಬೆನ್ನು ಕೊಟ್ಟು ಬಲೆಯಿಂದ ಮೀನು ಬಿಡಿಸುತ್ತಿದ್ದ. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು. ತಿರುಗಲಿಲ್ಲ. ಮತ್ತೆ ಹಾಕಿದಳು. ಸ್ನಾತಿ, ಅವರ ನಾಯಿ, ಕಿವಿ ನಿಮಿರಿಸಿ ಓಡಿ ಬಂತು. ಅಪ್ಪ ತಿರುಗಲಿಲ್ಲ. ಕೊನೆಗೆ ಬಂದು ಎಳೆದು ಹಾಕಿ ಅವನು ಅಂದದ್ದು, "ಎದ್ದೇಳು, ಮೀನು ಕಾಯಲ್ಲ," ಎಂದು. ದಡ್ಡಿಗೆ ಬುದ್ಧಿ ಬರಲಿ ಎಂದು ಬೇಕೆಂದೇ ಸುಮ್ಮನಿದ್ದ ಎಂದು ಅವಳು ಅಂದು ಅಳುತ್ತ ಅಂದುಕೊಂಡಿದ್ದಳು. ಇಂದಿಗೂ ಹಾಗೆಯೇ ಅಂದುಕೊಂಡಿದ್ದಳು.

ಮಾರನೆಯ ದಿನದಿಂದ ಓಲಿ ಅವಳಿಗೆ ಬೆನ್ನು ಹಾಕಲಿಲ್ಲ. ಅವಳು ತೆಂಕಣಕ್ಕೆ ಹೋದರೆ ತೆಂಕಣಕ್ಕೆ ಮುಖ, ಬಡಗಣಕ್ಕೆ ಹೋದರೆ ಆ ಕೊಲ್ಲುವ ಗಾಳಿಗೇ ಮುಖ. ಮೂಗಿನ ತುದಿಯೂ ಎಡಗೆನ್ನೆಯೂ ಹಿಮ ಕಚ್ಚಿ ಕಪ್ಪಾದವು. ಊರು ನಕ್ಕಿತು, ಓಲಿಗೆ ಗಾಳಿ ಯಾವ ಕಡೆಯದೆಂದೂ ಗೊತ್ತಾಗುವುದಿಲ್ಲ ಎಂದು. ತಾನು ಮೈಗಳ್ಳತನ ಮಾಡುತ್ತೇನೋ ಎಂದು ಕಾವಲು ಕಾಯುತ್ತಾನೆ ಎಂದು ಆಸ್ದೀಸ್ ಕುದಿದಿದ್ದಳು. ಬೇರೆಯವರೆಲ್ಲ ಹಲಗೆ ಸಿಕ್ಕಿದರೆ ಕೂಗುತ್ತಾರೆ. ಓಲಿ ಮಾತ್ರ, "ಕೂಗ್ಬೇಡ, ಮೀನು ಹೆದರ್ತವೆ. ಕೈ ಎತ್ತು," ಎನ್ನುತ್ತಿದ್ದ. ಸರೋವರದಲ್ಲೇ ಹೆಸರಾದ ಕಿವಿಯವನು ಆ ಚಳಿಗಾಲದಿಂದ ಹಗ್ಗ ಹಿಡಿದು ತೂತಿನ ಬಳಿ ನಿಂತುಬಿಟ್ಟ. ಸದ್ದು ಕೇಳಿಕೊಂಡು ನಡೆಯುವುದು ದಡ್ಡರ ಕೆಲಸ, ಅದಕ್ಕೇ ತನಗೆ ಕೊಟ್ಟ ಎಂದು ಅವಳು ತಿಳಿದಿದ್ದಳು.

ಅರವತ್ತು ದಾಟಿದ ಮೇಲೆ ಕಿವಿಗೆ ಯಂತ್ರ ಹಾಕಿಸಿದಾಗ ವೈದ್ಯರು, ಎಷ್ಟು ದಿನದಿಂದ ಕೇಳಿಸುತ್ತಿಲ್ಲ ಎಂದು ವಿಚಾರಿಸಿದ್ದಕ್ಕೆ ಓಲಿ, "ಮೊನ್ನೆಯಿಂದ," ಎಂದಿದ್ದ. ಎಲ್ಲರೂ ನಂಬಿದ್ದರು.

ಹದಿನೇಳರ ಹುಡುಗಿ ಪರೀಕ್ಷೆಯಲ್ಲಿ ಮಾಡಿದ ತಪ್ಪನ್ನೇ ತಾನು ಜೀವಮಾನವಿಡೀ ಅಪ್ಪನ ವಿಷಯದಲ್ಲಿ ಮಾಡಿದ್ದೆ ಎಂದು ಅವಳಿಗೆ ಕಂಡಿತು. ಹೊರಗೆ ಬಂದದ್ದನ್ನೇ ಒಳಗಿನದು ಎಂದು ಬರೆದುಕೊಂಡು ಕೂತಿದ್ದಳು. ಮಂಜಿನ ಗುಣ ಕಳೆಯಲೇ ಇಲ್ಲ. ಸಿಟ್ಟು ಬಂತು, ಕಣ್ಣೀರೂ ಬಂತು, ಅವೆರಡನ್ನೂ ಮೀರಿ ಒಂದು ದೊಡ್ಡ ಬೆರಗು ಬಂತು. ಕಣ್ಣೆದುರೇ ಇದ್ದ ಮನುಷ್ಯನ ಒಳಗೆ ಇಷ್ಟು ದೊಡ್ಡದೊಂದು ಇಷ್ಟು ವರ್ಷ ಸದ್ದು ಮಾಡುತ್ತಲೇ ಇತ್ತು.

ಹಾಳೆ ಕೊಟ್ಟು ನೇರ ಮನೆಗೆ ಬಂದಳು. ಓಲಿ ಅಡುಗೆಮನೆಯ ಮೇಜಿನ ಬಳಿ ಸಕ್ಕರೆ ಗಡ್ಡೆಯನ್ನು ಹಲ್ಲುಗಳ ನಡುವೆ ಇಟ್ಟುಕೊಂಡು ಅದರ ಮೂಲಕ ಕಾಫಿ ಹೀರುತ್ತಿದ್ದ. ಅವಳು ಕೋಟು ಬಿಚ್ಚದೆ ಅವನ ಎದುರಿನ ಕುರ್ಚಿಯಲ್ಲಿ ಕೂತಳು.

"ಅಪ್ಪ, ನಾನು ಬಂದರಿಗೆ ಹೋಗಿರ್ಲಿಲ್ಲ. ಗಣಿತದ ಪರೀಕ್ಷೆ ಬರ್ದು ಬಂದೆ."

"ಗೊತ್ತು. ಊರಿಗೆಲ್ಲ ಗೊತ್ತು. ಕಿವುಡನಿಗೇ ಗೊತ್ತು ಅಂದ್ರೆ ನೋಡು."

"ಒಂದು ಕೇಳ್ತೀನಿ. ನನ್ನ ಶಾಲೆ ಬಿಡಿಸಿದ್ಯಲ್ಲ, ಆ ಚಳಿಗಾಲ. ಆಗ ನಿನಗೆ ಹಲಗೆ ಸದ್ದು ಕೇಳಿಸ್ತಿತ್ತಾ?"

ಮುದುಕ ಬಾಯಲ್ಲಿದ್ದ ಸಕ್ಕರೆಯನ್ನು ಕಡಿದು ನುಂಗಿದ. "ಲೆಕ್ಕದಲ್ಲಿ ಇದನ್ನೂ ಕಲಿಸ್ತಾರಾ?" ಎಂದ.

"ಕಲಿಸ್ತಾರೆ. ಹೇಳು."

"ಹಲಗೆ ಹಾಗಿರ್ಲಿ, ನಿಮ್ಮಮ್ಮನ ಬೈಗುಳಾನೂ ಸರಿಯಾಗಿ ಕೇಳಿಸ್ತಿರ್ಲಿಲ್ಲ. ದೋಣಿ ಎಂಜಿನ್ ತಿಂದು ಹಾಕಿತ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಯಾರಿಗೆ ಹೇಳ್ಲಿ? ಕಿವುಡನ ಜೊತೆ ಮಂಜಿನ ಮೇಲೆ ಯಾವನು ಬರ್ತಾನೆ?"

"ನಾನು ಶಿಳ್ಳೆ ಹಾಕಿದ್ದೆ ಅಪ್ಪ. ಕೆಸರಲ್ಲಿ ಬಿದ್ದ ದಿನ."

ಓಲಿ ಬಟ್ಟಲನ್ನು ಕೆಳಗಿಟ್ಟ. "ಪಕ್ಕದಲ್ಲಿ ನಾಯಿ ಇಲ್ದೇ ಇದ್ದದ್ದು ನೋಡಿ ತಿರುಗಿದೆ," ಎಂದ. "ಅದು ನಿನ್ನ ಕಡೆ ಓಡದೇ ಇದ್ದಿದ್ರೆ ತಿರುಗ್ತಾನೇ ಇರ್ಲಿಲ್ಲ."

ಆಸ್ದೀಸ್ ಅವನ ಎಡಗೆನ್ನೆಯ ಕಪ್ಪು ಕಲೆಯನ್ನು ನೋಡಿದಳು. ದಿನಾ ಕಂಡ ಕಲೆಯೇ. ಅದರ ಕಡೆಯಿಂದ ಕಣ್ಣು ಕೀಳಲಾಗಲಿಲ್ಲ.

"ನನ್ನ ತಲೇಲಿ ಏನೂ ಇಲ್ಲ ಅಂತ ಶಾಲೆ ಬಿಡಿಸ್ದೆ ಅಂದ್ಕೊಂಡಿದ್ದೆ. ನಾನು ದಡ್ಡಿ ಅಂತ."

"ದಡ್ಡಿ ಒಬ್ಬಳ ಕಿವಿ ನಂಬಿ ಆ ಮಂಜಿನ ಮೇಲೆ ಹೋಗೋಷ್ಟು ದಡ್ಡನಾಗಿ ಕಂಡ್ನಾ ನಾನು ನಿನಗೆ?"

ಕೊಂಕು ಹಾಗೇ ಇತ್ತು. ಆಸ್ದೀಸ್ ಅದನ್ನು ಕಳೆದಳು. ಉಳಿದದ್ದು ಅವಳಿಗೆ ಕಂಡಿತು. ಆದರೂ ಕೇಳಬೇಕಾದ್ದನ್ನು ಕೇಳದೆ ಬಿಡುವವಳಲ್ಲ.

"ನಿನ್ನ ಮಾನ ಉಳಿಸ್ಕೊಳ್ಳೋಕೆ ನನ್ನ ಓದು ತಗೊಂಡೆಯಲ್ಲಪ್ಪ."

"ತಗೊಂಡೆ," ಎಂದ ಓಲಿ.

ಹುಕುಂ ಇಲ್ಲ, ಕೊಂಕಿಲ್ಲ. ಒಳಗಿದ್ದದ್ದು ಇದ್ದ ಹಾಗೇ ಹೊರಬಂದದ್ದನ್ನು ಅವಳು ಆವತ್ತೇ ಮೊದಲು ಕೇಳಿದ್ದು. ಎದ್ದು ಕಾಫಿ ಬಿಸಿ ಮಾಡಲು ಒಲೆಯ ಕಡೆ ಹೋದಳು. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಮುದುಕ ಕುರ್ಚಿಯನ್ನು ಒಲೆಯ ಕಡೆಗೆ ತಿರುಗಿಸಿಕೊಂಡು, ಅವಳಿಗೆ ಮುಖ ಮಾಡಿ ಕೂತಿದ್ದ.

"ಪಾಸಾಗ್ತೀಯಾ?" ಎಂದು ಕೇಳಿದ.

"ಗೊತ್ತಿಲ್ಲ. ಕಷ್ಟ ಇತ್ತು."

ಓಲಿ ತುಸು ಹೊತ್ತು ಅವಳ ತುಟಿಯನ್ನೇ ನೋಡಿದ.

"ಫೇಲಾದ್ರೆ ಇನ್ನೊಂದು ಸಲ ಬರಿ ಮಗಾ," ಎಂದ.